ಕಾಮೋಠೆಯ ಮಷೀನಿನ ನಾಲ್ಕು ಅಂಕಿ

ನನ್ನ ನಾಲ್ಕು ಮಷೀನುಗಳಲ್ಲಿ ಕಾಮೋಠೆಯ ಮಷೀನಿನ ಮೇಲೆ ನನಗೆ ಒಂದು ತೂಕ ಹೆಚ್ಚೇ ಪ್ರೀತಿಯಿತ್ತು. ಅಲ್ಲಿಂದ ದೂರು ಬರುತ್ತಿರಲಿಲ್ಲ, ಅಷ್ಟೇ ಕಾರಣ.

ಮಷೀನು ಎಂದರೆ ತಿಂಡಿ ಮಾರುವ ಮಷೀನು. ಎದುರಿಗೆ ಗಾಜು, ಒಳಗೆ ಆರು ಅಂತಸ್ತು, ಪ್ರತಿ ಅಂತಸ್ತಿನಲ್ಲೂ ದಪ್ಪ ತಂತಿಯ ಸುರುಳಿಗಳು, ಸುರುಳಿಯ ಸಂದಿಗಳಲ್ಲಿ ಪ್ಯಾಕೆಟ್ಟುಗಳು. ನಂಬರ್ ಒತ್ತಿ, ಪರದೆಯ ಮೇಲೆ ಮೂಡುವ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಹಣ ಕಳಿಸಿದರೆ ಸುರುಳಿ ಒಂದು ಸುತ್ತು ತಿರುಗುತ್ತದೆ, ಮುಂದಿನ ಪ್ಯಾಕೆಟ್ ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಬೀಳಬೇಕು. ಬೀಳದೆ ಗಾಜಿಗೆ ಒರಗಿಕೊಂಡು ನಿಂತುಬಿಟ್ಟರೆ ನನಗೆ ಫೋನ್ ಬರುತ್ತದೆ. ಕಲ್ಯಾಣದ ಕೋಚಿಂಗ್ ಕ್ಲಾಸಿನಿಂದ ಹೀಗೆ ವಾರಕ್ಕೆ ಎರಡು ಫೋನ್ ಗ್ಯಾರಂಟಿ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯವರು ಫೋನ್ ಮಾಡುತ್ತಿರಲಿಲ್ಲ, ಮಷೀನಿಗೇ ಹೊಡೆಯುತ್ತಿದ್ದರು. ಘಣಸೋಲಿಯ ಐಟಿ ಆಫೀಸಿನವರು ಮೇಲ್ ಬರೆಯುತ್ತಿದ್ದರು. ಕಾಮೋಠೆಯವರು ಮಾತ್ರ ಎಂಟು ತಿಂಗಳಲ್ಲಿ ಒಂದೇ ಒಂದು ಸಲ ಫೋನ್ ಮಾಡಿದ್ದು. ಅದೂ ಮೊದಲ ವಾರದಲ್ಲಿ, ನಾನು ಕಾದ ಎಣ್ಣೆಯ ಎದುರು ನಿಂತಿದ್ದಾಗ. ಎತ್ತಲು ಆಗಲಿಲ್ಲ, ಮತ್ತೆ ಅವರೂ ಮಾಡಲಿಲ್ಲ. ಎಷ್ಟು ಒಳ್ಳೆಯ ಜನ ಎಂದುಕೊಂಡಿದ್ದೆ.

ಈ ಕೆಲಸಕ್ಕೆ ನಾನು ಬಿದ್ದದ್ದು ಆಕಸ್ಮಿಕವಾಗಿ. ಮದುವೆಯಾಗಿ ಉಡುಪಿ ಕಡೆಯಿಂದ ಮುಂಬೈ ಪಕ್ಕದ ಡೊಂಬಿವಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಗಂಡ ಠಾಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ನಾನು ಮನೆಯಲ್ಲಿ ಚಕ್ಕುಲಿ, ಕೋಡುಬಳೆ, ತುಕ್ಕುಡಿ ಮಾಡಿ ಪರಿಚಯದವರಿಗೆ ಕೊಡುತ್ತಿದ್ದೆ. ಒಂದು ದಿನ ಗಂಡ ಬಂದವರೇ, "ಹೋಟೆಲಿನ ಪಕ್ಕದ ಆಫೀಸು ಖಾಲಿ ಮಾಡ್ತಾ ಉಂಟು. ಎರಡು ತಿಂಡಿ ಮಷೀನು ಗುಜರಿಗೆ ಹಾಕ್ತಾರಂತೆ, ಬೇಕಾ ನಿನಗೆ?" ಎಂದು ತಮಾಷೆಗೆ ಕೇಳಿದರು. ನಾನು ಬೇಕು ಎಂದುಬಿಟ್ಟೆ. ಅವರ ಮುಖ ನೋಡಬೇಕಿತ್ತು. ಎರಡು ಮಷೀನು ವರ್ಷದೊಳಗೆ ನಾಲ್ಕಾದವು.

ಅವುಗಳನ್ನು ರಿಪೇರಿ ಮಾಡಿಕೊಟ್ಟ ಮೆಕ್ಯಾನಿಕ್ ನನಗೆ ಅರ್ಧ ಗಂಟೆ ಪಾಠ ಹೇಳಿ ಹೋಗಿದ್ದ. ಸ್ಟಾರ್ ಬಟನ್ ಒತ್ತಿ ಹಿಡಿದು ನಾಲ್ಕು ಅಂಕಿಯ ಕೋಡ್ ಹಾಕಿದರೆ ಒಳಗಿನ ಮೆನು ತೆರೆಯುತ್ತದೆ, ಅಲ್ಲಿಂದ ಯಾವ ಸುರುಳಿಯನ್ನು ಬೇಕಾದರೂ ದುಡ್ಡಿಲ್ಲದೆ ತಿರುಗಿಸಿ ಪರೀಕ್ಷೆ ಮಾಡಬಹುದು. ಕೋಡ್ ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಮಷೀನಿಗೆ ಅದೇ ಕೋಡ್, ನಾಲ್ಕಕ್ಕೂ ಒಂದೇ ಕೀಲಿ. ನನ್ನಂಥ ಮರೆಗುಳಿಗೆ ಇದಕ್ಕಿಂತ ಅನುಕೂಲ ಉಂಟೇ ಎಂದು ನಾನು ಖುಷಿಪಟ್ಟಿದ್ದೆ.

ಪ್ರತಿ ಗುರುವಾರ ಎರಡು ದೊಡ್ಡ ಚೀಲ ಹಿಡಿದು ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಪನವೇಲ್ ಗಾಡಿ ಹಿಡಿದು ಮೊದಲು ಘಣಸೋಲಿ, ಆಮೇಲೆ ಮಾನಸರೋವರ್ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾದಲ್ಲಿ ಕಾಮೋಠೆ. ಅಲ್ಲೊಂದು ಹೌಸಿಂಗ್ ಸೊಸೈಟಿಯ ಲಾಬಿಯಲ್ಲಿ, ಲಿಫ್ಟಿನ ಎದುರಿಗೆ ನನ್ನ ಮಷೀನು. ವಾಚ್‌ಮನ್ ಎದ್ದು ನಿಂತು ಚೀಲ ಇಳಿಸಿಕೊಳ್ಳುತ್ತಿದ್ದ. ಐವತ್ತು ದಾಟಿದ ಮನುಷ್ಯ, ಸತಾರಾ ಕಡೆಯವನು. ಅವನ ಮೇಜಿನ ಮೇಲೆ ಯಾವಾಗಲೂ ಒಂದು ಖಾಲಿ ಪ್ಲಾಸ್ಟಿಕ್ ಬುಟ್ಟಿ ಇರುತ್ತಿತ್ತು. ನಾನು ಅದರ ಕಡೆ ಗಮನ ಕೊಟ್ಟವಳಲ್ಲ.

ಗಮನ ಕೊಟ್ಟದ್ದು ನನ್ನ ಮಗಳು. ಬಿ.ಕಾಂ. ಕೊನೆಯ ವರ್ಷ. ಮಷೀನಿನೊಳಗೆ ಒಂದು ಸಿಮ್ ಕಾರ್ಡ್ ಇದೆ, ನಾಲ್ಕರಲ್ಲಿ ಕಾಮೋಠೆಯದ್ದು ಮಾತ್ರ ಒಳಗಿನ ವರದಿಯನ್ನೆಲ್ಲ ಫೋನಿಗೆ ಕಳಿಸುತ್ತದೆ. ನಾನು ಅದರಲ್ಲಿ ಯಾವ ಸುರುಳಿ ಖಾಲಿ ಎಂಬುದನ್ನು ಮಾತ್ರ ನೋಡುತ್ತಿದ್ದೆ. ಒಂದು ಶನಿವಾರ ಅವಳು ನನ್ನ ಫೋನ್ ಹಿಡಿದುಕೊಂಡು ಕೂತಿದ್ದವಳು ಹುಬ್ಬು ಗಂಟಿಕ್ಕಿ ಕೇಳಿದಳು, "ಮಮ್ಮಿ, ಕಾಮೋಠೆ ಮೇ ತುಮ್ ಟೆಸ್ಟಿಂಗ್ ಕರ್ತೀ ಹೋ ಕ್ಯಾ?"

"ಎಂತ ಟೆಸ್ಟಿಂಗ್? ನಾನು ಗುರುವಾರ ತುಂಬಿಸಿ ಬರುವುದು ಅಷ್ಟೆ."

"ಫಿರ್ ಯೇ ಕೌನ್ ಹೈ?" ಹಾಗಾದರೆ ಇದು ಯಾರು ಎಂದು ಅವಳು ಪರದೆ ನನ್ನ ಕಡೆ ತಿರುಗಿಸಿದಳು.

ಸೋಮವಾರ, ಬುಧವಾರ, ಶನಿವಾರ, ನಾನು ಕಾಮೋಠೆಯ ಹತ್ತಿರವೂ ಸುಳಿಯದ ದಿನಗಳಲ್ಲಿ ಯಾರೋ ಕೋಡ್ ಹಾಕಿ ಒಳಗಿನ ಮೆನು ತೆರೆದು ದುಡ್ಡಿಲ್ಲದೆ ಸುರುಳಿ ತಿರುಗಿಸಿದ್ದರು. ಹೆಚ್ಚಾಗಿ ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ. ಕೋಡುಬಳೆ, ತುಕ್ಕುಡಿ, ಮತ್ತೆ ಕೋಡುಬಳೆ. ತುಂಬಿಸುವಾಗ ಒಂದೆರಡು ಪ್ಯಾಕೆಟ್ ಲೆಕ್ಕ ತಪ್ಪುತ್ತಿದ್ದುದನ್ನು ನಾನು ನನ್ನ ಮರೆವಿನ ತಲೆಗೆ ಕಟ್ಟಿದ್ದೆ. ಈಗ ನೋಡಿದರೆ ಎಂಟು ತಿಂಗಳಿಂದ ಒಬ್ಬರು ನನ್ನ ಮಷೀನಿನ ಒಳಹೊಕ್ಕು ಆರಾಮವಾಗಿ ಓಡಾಡಿಕೊಂಡಿದ್ದಾರೆ.

ಸಂಜೆ ಗಂಡ ಬಂದಾಗ ನನ್ನ ಮುಖ ನೋಡಿಯೇ, "ದಾದ ಆಂಡ್?" ಎಂದು ತುಳುವಿನಲ್ಲಿ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, "ವಾಚ್‌ಮನ್ ಇರಬೇಕು. ಇಡೀ ದಿನ ಅದರ ಎದುರಿಗೇ ಕೂತಿರುವವನು ಅವನೊಬ್ಬನೇ" ಎಂದರು.

ನನಗೂ ಹಾಗೇ ಅನ್ನಿಸಿತ್ತು. ಆದರೆ ನಾನು ಮಾಡಿದ ಒಂದು ಕೆಲಸವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮರುದಿನ ಬೆಳಿಗ್ಗೆ ಸೊಸೈಟಿಯ ಸೆಕ್ರೆಟರಿಗೆ ಫೋನ್ ಮಾಡಿ, "ನಿಮ್ಮ ವಾಚ್‌ಮನ್ ಮೇಲೆ ಸ್ವಲ್ಪ ಕಣ್ಣಿಡಿ" ಎಂದುಬಿಟ್ಟೆ. ಸೆಕ್ರೆಟರಿ ಕಣ್ಣಿಡುವ ತಾಪತ್ರಯಕ್ಕೇ ಹೋಗಲಿಲ್ಲ. ನೇರವಾಗಿ ಕೆಳಗಿಳಿದು ವಾಚ್‌ಮನ್ನನ್ನೇ ಕೇಳಿದರಂತೆ, "ಮಷೀನ್‌ವಾಲಿ ಮ್ಯಾಡಮ್ ನಿನ್ನ ಮೇಲೆ ಸಂಶಯ ಪಡುತ್ತಿದ್ದಾರೆ, ಏನದು?"

ಸೋಮವಾರ, ನನ್ನ ದಿನವಲ್ಲದ ದಿನ, ಚೀಲವಿಲ್ಲದೆ ಕಾಮೋಠೆಗೆ ಹೋದೆ. ಬೆಳಿಗ್ಗೆ ಎಂಟೂವರೆ. ವಾಚ್‌ಮನ್ ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ. ನಾನು ಲಾಬಿಯ ಸೋಫಾದ ಮೂಲೆಯಲ್ಲಿ, ಕಂಬದ ಮರೆಗೆ ಕೂತು ಯಾರನ್ನೋ ಕಾಯುವವಳ ಹಾಗೆ ಫೋನ್ ತಿಕ್ಕತೊಡಗಿದೆ.

ಸುಮಾರು ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ವಾಕಿಂಗ್ ಮುಗಿಸಿ ಬಂದ ಒಬ್ಬರು ಮರಾಠಿ ಹೆಂಗಸು, ನನ್ನದೇ ವಯಸ್ಸು, ಬಿಳಿ ಕೆಡ್ಸ್ ಶೂ ಹಾಕಿಕೊಂಡವರು, ಮಷೀನಿನ ಎದುರು ನಿಂತರು. ಸ್ಕ್ಯಾನ್ ಮಾಡಿದರು. ಸುರುಳಿ ತಿರುಗಿತು. ಕೋಡುಬಳೆಯ ಪ್ಯಾಕೆಟ್ ಮುಂದೆ ಬಂದು, ಬಗ್ಗಿ, ಗಾಜಿಗೆ ಹಣೆ ಇಟ್ಟು ನಿಂತುಬಿಟ್ಟಿತು. ಈಗ ಫೋನ್ ಮಾಡುತ್ತಾರೆ, ಇಲ್ಲೇ ರಿಂಗಾಗುತ್ತದೆ ಎಂದು ಗಡಿಬಿಡಿಯಿಂದ ಸೈಲೆಂಟಿಗೆ ಹಾಕಿಕೊಂಡೆ.

ಅವರು ಫೋನ್ ಮಾಡಲಿಲ್ಲ. ಗಾಜಿಗೆ ಹೊಡೆಯಲೂ ಇಲ್ಲ. ವಾಚ್‌ಮನ್ನಿನ ಮೇಜಿಗೆ ಹೋಗಿ ಇಂಟರ್‌ಕಾಮ್ ಎತ್ತಿ ಎರಡು ನಂಬರ್ ಒತ್ತಿ, "ಕಾಕಾ, ಅಡಕಲಾ!" ಎಂದರು. ಸಿಕ್ಕಿಕೊಂಡಿತು ಎಂದು, ಅಷ್ಟೇ.

ಐದು ನಿಮಿಷದಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಒಬ್ಬ ಹಿರಿಯರು ಪೈಜಾಮ, ತುಂಬುತೋಳಿನ ಬನಿಯನ್ನಿನಲ್ಲಿ ಹೊರಬಂದರು. ಕತ್ತಿಗೆ ದಾರ ಕಟ್ಟಿದ ಕನ್ನಡಕ. ಬಂದವರೇ ಕನ್ನಡಕ ಏರಿಸಿ ಸಿಕ್ಕಿದ್ದು ಯಾವ ಸುರುಳಿ ಎಂದು ನೋಡಿದರು, ಸ್ಟಾರ್ ಒತ್ತಿ ಹಿಡಿದರು, ಟಕ ಟಕ ಟಕ ಟಕ ನಾಲ್ಕು ಅಂಕಿ ಒತ್ತಿದರು. ಸುರುಳಿ ತಿರುಗಿತು. ಧಪ್, ಧಪ್ ಎಂದು ಎರಡು ಪ್ಯಾಕೆಟ್ ಬಿದ್ದವು. ಒಂದನ್ನು ಹೆಂಗಸಿನ ಕೈಗೆ ಕೊಟ್ಟರು, ಇನ್ನೊಂದನ್ನು ವಾಚ್‌ಮನ್ನಿನ ಮೇಜಿನ ಮೇಲಿದ್ದ ಬುಟ್ಟಿಗೆ ಹಾಕಿದರು. ಹೆಂಗಸು "ಥ್ಯಾಂಕ್ಯೂ ಕಾಕಾ" ಎಂದು ಲಿಫ್ಟ್ ಹತ್ತಿದರು.

ನಾನು ಎದ್ದು ಹೋದೆ. ಕೋಪ ಎಲ್ಲಿತ್ತೋ, ನಗು ಎಲ್ಲಿತ್ತೋ ನನಗೇ ಗೊತ್ತಾಗಲಿಲ್ಲ. ಹಿಂದಿಯಲ್ಲಿ ಕೇಳಬೇಕೆಂದು ಹೊರಟವಳ ಬಾಯಿಂದ ಗಾಬರಿಗೆ ಕನ್ನಡವೇ ಬಂತು. "ಇದೆಂತ ಮಾರಾಯ್ರೆ, ನಿಮಗೆ ನನ್ನ ಮಷೀನಿನ ಕೋಡ್ ಯಾರು ಹೇಳಿದ್ದು?"

ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಖ ಅರಳಿತು. "ಮಷೀನಿನ ಮಾಲಕರು ನೀವ ಏನ್ರಿ ತಂಗಿ? ಅಂತೂ ಬಂದ್ರಲ್ಲ! ಎಂಟು ತಿಂಗಳಾತು ಚೀಟಿ ಬರೆದಿಟ್ಟು, ಇವತ್ತಿನ ತನಕ ಉತ್ತರ ಇಲ್ಲ."

"ಯಾವ ಚೀಟಿ?"

ಅವರು ಬುಟ್ಟಿಯನ್ನು ಎತ್ತಿ ನನ್ನ ಎದುರು ಹಿಡಿದರು. ಬುಟ್ಟಿಯ ಮೈಗೆ ಒಂದು ಕಾಗದ ಅಂಟಿಸಿತ್ತು. ಅದರ ಮೇಲೆ ದುಂಡು ಕನ್ನಡ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ಇವು ಮಷೀನಿನ ಮಾಲಕರಿಗೆ ಸೇರಿದ ಪ್ಯಾಕೆಟ್ಟುಗಳು. ಯಾರೂ ಮುಟ್ಟಬಾರದು." ಗೋಡೆಯ ಕಡೆ ತಿರುಗಿದ್ದರಿಂದ ನನಗೆ ಯಾವತ್ತೂ ಕಂಡಿರಲಿಲ್ಲ.

"ಕನ್ನಡದಲ್ಲಿ ಯಾಕೆ ಬರೆದಿರಿ ಕಾಕಾ? ಇಲ್ಲಿ ಯಾರಿಗೆ ಓದಲು ಬರುತ್ತದೆ?"

"ಮಾಲಕರು ಉಡುಪಿ ಕಡೆಯವರು ಅಂತ ಸೆಕ್ರೆಟರಿ ಹೇಳಿದ್ರು. ನಮ್ಮ ಮಂದಿ ಅಲ್ಲೇನ್ರಿ, ಕನ್ನಡದಾಗ ಬರದ್ರ ಖುಷಿ ಆಗ್ತದ ಅಂತ ಬರದೆ."

ಅಷ್ಟರಲ್ಲಿ ವಾಚ್‌ಮನ್ ಎದ್ದು ಬಂದ. ಅವನ ಪಾಲಿಗೆ ಆ ಬರಹ ಯಾವುದೋ ಜಾಹೀರಾತು. ಬುಟ್ಟಿಯಲ್ಲಿ ಇಟ್ಟ ತಿಂಡಿ ಎಂದರೆ ಕಂಪನಿಯವರು ಪುಕ್ಕಟೆಯಾಗಿ ಹಂಚುವುದು ಎಂದು ತಿಳಿದು, ಕಸ ಗುಡಿಸಲು ಬರುವ ಹೆಂಗಸರಿಗೆ, ಕೊರಿಯರ್‌ನವರಿಗೆ, ಹಾಲಿನವನಿಗೆ ಒಂದೊಂದು ಕೊಡುತ್ತಾ ಬಂದಿದ್ದ. ನಾನು ಗುರುವಾರ ಬರುವಷ್ಟರಲ್ಲಿ ಬುಟ್ಟಿ ಖಾಲಿ. "ತಾಯಿ, ನನಗೆ ಒಂದು ಸಾಕಾಗುತ್ತಿತ್ತು, ಉಳಿದದ್ದೆಲ್ಲ ನಿಮ್ಮ ಹೆಸರಲ್ಲೇ ಹಂಚಿದೆ" ಎಂದ ಮರಾಠಿಯಲ್ಲಿ. ಆಮೇಲೆ ದನಿ ತಗ್ಗಿಸಿ, "ನನ್ನನ್ನೇ ಕೇಳಬಹುದಿತ್ತು" ಎಂದ.

ಅಲ್ಲೇ ಅವನ ಕ್ಷಮೆ ಕೇಳಿದೆ. ಅದು ಸಾಲದೆಂದು ಅನ್ನಿಸಿ ಮೇಲೆ ಸೆಕ್ರೆಟರಿಯ ಮನೆಗೂ ಹೋಗಿ, ತಪ್ಪು ನನ್ನದು, ಅವನದ್ದೇನೂ ಇಲ್ಲ ಎಂದು ಅವನ ಎದುರೇ ಹೇಳಿ ಬಂದೆ. ಅವನು ಆ ದಿನ ಸುಮ್ಮನೆ ತನ್ನ ಕುರ್ಚಿಗೆ ಹೋಗಿ ಕೂತ. ಮುಂದಿನ ಗುರುವಾರ ಮಾತ್ರ ಮೊದಲಿನಂತೆ ಎದ್ದು ಬಂದು ಚೀಲ ಇಳಿಸಿಕೊಂಡ.

ಕಾಕಾ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಮೂಲತಃ ವಿಜಯಪುರದ ಕಡೆಯವರು. ಮೂವತ್ತು ವರ್ಷ ಎಂಐಡಿಸಿಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಆಗಿದ್ದು ನಿವೃತ್ತರಾಗಿ, ಮಗ ಸೊಸೆಯ ಜೊತೆ ಕಾಮೋಠೆಯಲ್ಲಿದ್ದರು. ಸೊಸೆ ಚಹಾ ಕೊಟ್ಟಳು.

"ಕೋಡ್ ಯಾರು ಹೇಳಬೇಕ್ರಿ ತಂಗಿ?" ಎಂದು ಅವರು ಬಸಿಗೆ ಸುರಿದ ಚಹಾ ಊದುತ್ತಾ ಹೇಳಿದರು. "ನಮ್ಮ ಫ್ಯಾಕ್ಟರ್ಯಾಗ ನೂರಾರು ಮೀಟರ್ ಇದ್ದುವು. ಎಲ್ಲಾದಕ್ಕೂ ಕಂಪನಿಯವರು ಒಂದು ಕೋಡ್ ಹಾಕಿ ಕಳಸ್ತಾರ, ಬದಲಿ ಮಾಡ್ರಿ ಅಂತ ಪುಸ್ತಕದಾಗ ಬರದಿರ್ತಾರ. ಯಾರೂ ಮಾಡಂಗಿಲ್ಲ. ನಿಮ್ಮ ಮಷೀನಿಗೆ ಮೊದಲ ನಾಲ್ಕು ಸೊನ್ನಿ ಹೊಡದೆ. ಆಗಲಿಲ್ಲ. ಎರಡನೇ ಸಲಕ್ಕ ಒಂದು, ಎರಡು, ಮೂರು, ನಾಲ್ಕು ಹೊಡದೆ. ಬಾಗಲಾ ತೆರೀತು."

"ನೀವು ಒಳ್ಳೆಯವರು, ಸರಿ ಹೋಯಿತು. ಬೇರೆಯವರಾಗಿದ್ದರೆ?"

"ಅದನ್ನ ನಾ ಕೇಳಾಕತ್ತೀನಿ ನಿಮಗ. ಬ್ಯಾರೆ ಮಷೀನ್ ಎಷ್ಟದಾವ?"

"ಇನ್ನೂ ಮೂರು."

"ಅವಕ್ಕ ಕೋಡ್ ಯಾವುದೈತಿ?"

ನಾನು ಚಹಾದ ಕಪ್ಪಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ಬಸಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ಅಡುಗೆಮನೆಯಿಂದ ಇಣುಕಿ, "ಯಾಕ್ರಿ ಮಾವಾರ, ಏನಾತು?" ಎಂದಳು. ನನಗೂ ನಗು ತಡೆಯಲಾಗಲಿಲ್ಲ.

ಚಹಾ ಮುಗಿಸಿ ಇಬ್ಬರೂ ಕೆಳಗೆ ಬಂದೆವು. ನಾನು ಮಷೀನಿನ ಬಾಗಿಲು ತೆರೆದೆ. ಕಾಕಾ ಮೊಣಕಾಲೂರಿ ಕೂತು ಪ್ಯಾಕೆಟ್ ಬೀಳುವ ಪೆಟ್ಟಿಗೆಯ ಮೇಲೆ ಟಾರ್ಚ್ ಬಿಟ್ಟರು. ಅಲ್ಲಿ ಎರಡು ಪಕ್ಕಕ್ಕೂ ಸಣ್ಣ ಕಣ್ಣುಗಳಂಥ ಸೆನ್ಸರ್ ಇರುತ್ತವೆ. ನಡುವೆ ಏನಾದರೂ ಬಿದ್ದರೆ ಮಷೀನಿಗೆ ತಿಳಿಯುತ್ತದೆ, ಬೀಳದಿದ್ದರೆ ಸುರುಳಿಯನ್ನು ಇನ್ನೊಂದು ಸ್ವಲ್ಪ ತಿರುಗಿಸುತ್ತದೆ, ಅದಕ್ಕೂ ಜಗ್ಗದಿದ್ದರೆ ದುಡ್ಡು ವಾಪಸ್ ಕಳಿಸುತ್ತದೆ. ನನ್ನ ಮಷೀನಿನ ಆ ಕಣ್ಣುಗಳ ಮೇಲೆ ಠಾಣೆಯಿಂದ ಸಾಗಿಸುವಾಗ ಹಚ್ಚಿದ್ದ ಪಾರದರ್ಶಕ ಟೇಪು ಹಳದಿಯಾಗಿ ಹಾಗೇ ಇತ್ತು. ಟೇಪಿನಿಂದಾಗಿ ಎರರ್ ಬರುತ್ತಿದ್ದುದನ್ನು ತಪ್ಪಿಸಲು ಆ ಮೆಕ್ಯಾನಿಕ್ ಸೆನ್ಸರನ್ನೇ ಬಂದ್ ಮಾಡಿ ಹೋಗಿದ್ದ. ಪ್ಯಾಕೆಟ್ ಬಿದ್ದರೂ ಬಿತ್ತು, ಬೀಳದಿದ್ದರೂ ಬಿತ್ತು ಎಂದೇ ಮಷೀನಿನ ಲೆಕ್ಕ. ಕಾಕಾ ಟೇಪನ್ನು ಉಗುರಿನಿಂದ ಕೆರೆದು ತೆಗೆದು, ಹಳೆಯ ಬನಿಯನ್ ಬಟ್ಟೆಯಿಂದ ಸೆನ್ಸರಿನ ಕಣ್ಣೊರೆಸಿ, ಮೆನುವಿನಲ್ಲಿ ಸೆನ್ಸರ್ ಚಾಲೂ ಮಾಡಿದರು. ಎಂಟು ತಿಂಗಳು ಇಂಟರ್‌ಕಾಮಿನಲ್ಲಿ ಓಗೊಟ್ಟು ಲಿಫ್ಟಿನಲ್ಲಿ ಇಳಿದು ಬರುತ್ತಿದ್ದ ಅವರ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಅವರಿಗೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು.

"ಹಂಗಾದ್ರ ಉಳಿದ ಮೂರೂ ಮಷೀನ್ ತೋರಸ್ರಿ" ಎಂದರು.

ಎರಡು ವಾರ ನಾವಿಬ್ಬರೂ ಊರೂರು ತಿರುಗಿದೆವು. ಕಾಕಾ ಸಣ್ಣದೊಂದು ಚೀಲದಲ್ಲಿ ಸ್ಕ್ರೂಡ್ರೈವರ್, ಟಾರ್ಚ್, ಬಟ್ಟೆ ಹಾಕಿಕೊಂಡು ನನಗಿಂತ ಮೊದಲೇ ಸ್ಟೇಷನ್ನಿನಲ್ಲಿ ನಿಂತಿರುತ್ತಿದ್ದರು. ಕಲ್ಯಾಣದಲ್ಲಿ ಮಷೀನಿನ ಬೀಗ ನೋಡಿ ನಕ್ಕರು. ಹತ್ತಿರದ ಬೀಗದ ಅಂಗಡಿಗೆ ಕರೆದುಕೊಂಡು ಹೋಗಿ, ನನ್ನ ಕೀಲಿಯನ್ನು ತೋರಿಸದೆ, "ತಿಂಡಿ ಮಷೀನಿನ ಕೀಲಿ ಕೊಡ್ರಿ" ಎಂದು ಹಿಂದಿಯಲ್ಲಿ ಕೇಳಿದರು. ಅಂಗಡಿಯವನು ಗೋಡೆಯ ಮೊಳೆಯಿಂದ ಒಂದು ಗೊಂಚಲು ತೆಗೆದುಕೊಟ್ಟ. ಅದರಲ್ಲಿ ಮೂರನೆಯದು ನನ್ನ ಮಷೀನಿಗೆ ಸರಿಯಾಗಿ ಹೊಂದಿತು. ಅದೇ ಅಂಗಡಿಯಲ್ಲಿ ನಾಲ್ಕು ಬೇರೆ ಬೇರೆ ಬೀಗ ಕೊಂಡೆ. ಎಂಐಡಿಸಿಯಲ್ಲಿ, ನೆಟ್‌ವರ್ಕ್ ಸಿಗದಾಗ ಬೇಕಾಗುತ್ತದೆಂದು ನಾನು ಮಷೀನಿನ ಬದಿಗೆ ಅಂಟಿಸಿದ್ದ ಕಾಗದದ ಕ್ಯೂಆರ್ ಕೋಡನ್ನು ಕಿತ್ತು ಹಾಕಿಸಿದರು. ಇದರ ಮೇಲೆ ಯಾರಾದರೂ ತಮ್ಮದನ್ನು ಅಂಟಿಸಿದರೆ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಅವರು ಕೇಳಿದಾಗ ಉಳಿದಿದ್ದ ಚೂರನ್ನೂ ನಾನೇ ಉಗುರಿನಿಂದ ಕೆರೆದು ತೆಗೆದೆ.

ಘಣಸೋಲಿ ಕೊನೆಯದ್ದು. ಅದು ದೊಡ್ಡ ಐಟಿ ಆಫೀಸು. ಒಳಗೆ ಹೋಗಲು ನಮ್ಮ ಫೋಟೋ ತೆಗೆದು, ಕೊರಳಿಗೆ ಕಾರ್ಡು ಹಾಕಿ, ಕಾಕಾನ ಸ್ಕ್ರೂಡ್ರೈವರಿಗೆ ರಸೀದಿ ಬರೆದುಕೊಟ್ಟರು. "ಇಷ್ಟು ಬಂದೋಬಸ್ತ್ ಇದ್ದಲ್ಲಿ ನಮ್ಮ ಮಷೀನಿಗೆ ಎಂತ ಭಯ" ಎಂದೆ ನಾನು. ಕಾಕಾ ಒಳಗಿನ ವರದಿ ತೆರೆದು, ಒಂದು ಪುಟ ನೋಡಿ, ಇನ್ನೊಂದು ಪುಟ ನೋಡಿ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ನನಗೆ ಕನ್ನಡಕ ಬೇಕಾಗಲಿಲ್ಲ. ಮೇಲಿಂದ ಕೆಳಗಿನವರೆಗೆ ಟೆಸ್ಟ್, ಟೆಸ್ಟ್, ಟೆಸ್ಟ್. ಇಲ್ಲಿ ಪ್ಯಾಕೆಟ್ ಕೈಗೆ ಸಿಗದವರಿಗೆ ಸಹಾಯ ಮಾಡುವ ಯಾವ ಕಾಕಾನೂ ಇರಲಿಲ್ಲ. ತುಕ್ಕುಡಿಯನ್ನು ಮಾತ್ರ ಆರಿಸಿ ಆರಿಸಿ ಪರೀಕ್ಷೆ ಮಾಡಿದ್ದರು.

ಕೋಡ್ ಬದಲಾಯಿಸಿದೆವು. ನಾಲ್ಕು ಮಷೀನಿಗೆ ನಾಲ್ಕು ಬೇರೆ ಕೋಡ್. ಮರೆತುಹೋದರೆ ಎಂದು ನಾನು ಹೆದರಿದಾಗ ಮಗಳು ಫೋನಿನಲ್ಲಿ ಅವನ್ನು ಬೀಗ ಹಾಕಿಡುವ ಉಪಾಯ ಕಲಿಸಿದಳು.

ಎರಡು ದಿನ ಬಿಟ್ಟು ಮಧ್ಯಾಹ್ನ ನಾಲ್ಕಕ್ಕೆ ಒಂದು ಫೋನ್ ಬಂತು. ಘಣಸೋಲಿಯ ಆಫೀಸಿನಿಂದ ಒಬ್ಬ ತರುಣ. ಬಹಳ ವಿನಯದ ದನಿ. "ಮ್ಯಾಡಮ್, ಆಪ್ ಕಾ ಮಷೀನ್ ಖರಾಬ್ ಹೋ ಗಯಾ ಹೈ. ಕೋಡ್ ಹೀ ನಹೀ ಲೇ ರಹಾ." ಮಷೀನು ಕೆಟ್ಟಿದೆ, ಕೋಡನ್ನೇ ತೆಗೆದುಕೊಳ್ಳುತ್ತಿಲ್ಲ ಎಂದು ದೂರು.

ಯಾವ ಕೋಡ್ ಎಂದು ನಾನು ಅಷ್ಟೇ ವಿನಯದಿಂದ ಕೇಳಿದೆ, "ಕೌನ್ಸಾ ಕೋಡ್, ಬೇಟಾ?"

ಅವನ ಹಿಂದೆ ಯಾರೋ "ರಖ್, ರಖ್, ಫೋನ್ ರಖ್" ಎಂದು ಫೋನ್ ಇಡಲು ಹೇಳುವುದು ಕೇಳಿಸಿತು. ಲೈನ್ ಕಟ್ಟಾಯಿತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕೆ. ಆ ನಂಬರ್ ನನ್ನ ಫೋನಿನಲ್ಲಿ ಹಾಗೇ ಇತ್ತು. ಆಫೀಸಿಗೆ ದೂರು ಕೊಡೋಣ ಎಂದರು ಗಂಡ. ನಾನು ಬೇಡವೆಂದೆ. ಒಂದು ಸಲ ಅವಸರಪಟ್ಟು ಯಾರದೋ ಮೇಲೆ ಬೆರಳು ತೋರಿಸಿದ್ದೆನಲ್ಲ. ಇಷ್ಟಕ್ಕೂ ಪುಕ್ಕಟೆ ತಿಂದು ರುಚಿ ಹತ್ತಿದವರು ಹೋಗುವುದಾದರೂ ಎಲ್ಲಿಗೆ? ಆ ತಿಂಗಳಿಂದ ಘಣಸೋಲಿಯಲ್ಲಿ ತುಕ್ಕುಡಿಗೆ ಎರಡು ಸುರುಳಿ ಸಾಲದೆ ನಾಲ್ಕು ಮಾಡಬೇಕಾಯಿತು.

ಕಾಕಾ ಮಾತ್ರ ಎಷ್ಟು ಒತ್ತಾಯ ಮಾಡಿದರೂ ಸಂಬಳ ಎಂಬ ಮಾತಿಗೆ ಕೈ ಅಡ್ಡ ಹಿಡಿದರು. ಕೊನೆಗೆ ಒಂದು ದಿನ ತಾವೇ ಬಾಯಿಬಿಟ್ಟರು. "ತಂಗಿ, ನಿಮ್ಮ ಮಷೀನ್ಯಾಗ ಎಲ್ಲಾ ನಿಮ್ಮ ಕಡೀ ತಿಂಡಿನ ಐತಿ. ನಮ್ಮ ಕಡೀ ಕಡಕ್ ರೊಟ್ಟಿಗೂ ಒಂದು ಸುರುಳಿ ಕೊಡ್ರಲಾ."

ರೊಟ್ಟಿ ಬಡಿಯುವವಳು ಸೊಸೆ. ಅವಳಿಗೂ ಮನೆಯಲ್ಲೇ ಏನಾದರೂ ಮಾಡಬೇಕೆಂಬ ಆಸೆಯಿತ್ತಂತೆ, ಯಾರೂ ಕೇಳಿರಲಿಲ್ಲ. ಜೋಳದ ರೊಟ್ಟಿಯ ಅಗಲ ಸುರುಳಿಗೆ ಹಿಡಿಯಲಿಲ್ಲ. ಅಂಗೈಯಗಲದ ರೊಟ್ಟಿ ಬಡಿದು, ಕಡಕ್ ಆಗುವಂತೆ ಬೇಯಿಸಿ, ನಾಲ್ಕು ನಾಲ್ಕು ಸೇರಿಸಿ ಪ್ಯಾಕೆಟ್ ಮಾಡಿದಳು. ಮೊದಲ ಪ್ಯಾಕೆಟ್ಟನ್ನು ಎಲ್ಲರಿಗೂ ಕಾಣಲಿ ಎಂದು ಮೇಲಿನ ಅಂತಸ್ತಿನಲ್ಲಿ ಇಟ್ಟು ಪರೀಕ್ಷೆ ಮಾಡಿದೆವು. ಅಷ್ಟು ಎತ್ತರದಿಂದ ಬಿದ್ದದ್ದು ಕೈಗೆ ಬಂದಾಗ ಪುಡಿಪುಡಿ.

"ರೊಟ್ಟಿ ಅಲ್ಲರೀ ಇದು, ಹಿಟ್ಟು ಮಾರಾಕತ್ತೀವಿ" ಎಂದರು ಕಾಕಾ. ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಎಲ್ಲಕ್ಕಿಂತ ಕೆಳಗಿನ ಅಂತಸ್ತಿಗೆ ಇಳಿಸಿ, ಪೆಟ್ಟಿಗೆಯ ತಳಕ್ಕೆ ಒಂದು ತುಂಡು ಫೋಮ್ ಹಾಸಿದೆವು. ವಾಕಿಂಗ್ ಮುಗಿಸಿ ಬಂದ ಆ ಬಿಳಿ ಕೆಡ್ಸಿನ ಹೆಂಗಸೇ ಮೊದಲ ಗಿರಾಕಿ. ಸ್ಕ್ಯಾನ್ ಮಾಡಿದರು. ಪ್ಯಾಕೆಟ್ ಜಾರಿ ಮೆತ್ತಗೆ ಕೂತಿತು. ನಾಲ್ಕು ರೊಟ್ಟಿಯೂ ಇಡಿ. ಅಲ್ಲೇ ಬಿಚ್ಚಿ ಒಂದನ್ನು ಕಟುಮ್ಮೆಂದು ಕಚ್ಚಿದರು, ವಾಚ್‌ಮನ್ನಿಗೂ ಒಂದು ಕೊಟ್ಟರು. ನಾನು, ಕಾಕಾ, ಸೊಸೆ ಮೂವರೂ ಅವರ ಮುಖವನ್ನೇ ನೋಡುತ್ತಾ ನಿಂತಿದ್ದೆವು.

ಅವರು ಎರಡನೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. "ಛಾನ್ ಆಹೆ. ಪಣ ಚಟ್ನಿ ಕುಠೆ?" ಚೆನ್ನಾಗಿದೆ, ಚಟ್ನಿ ಎಲ್ಲಿ?

ಸೊಸೆ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದಳು, ಮನೆಯಿಂದ ಶೇಂಗಾ ಚಟ್ನಿಯ ಡಬ್ಬಿ ತರಲು.